ಎರಡು ಭಾಷೆಯ ಮನೆಯಲ್ಲಿ ಮಗುವಿನ ಮಾತು



ಮಗು ಮೊದಲ ಸಲ "ಅಮ್ಮಾ" ಎಂದು ಕರೆದ ದಿನವನ್ನು ಯಾವ ತಾಯಿಯೂ ಮರೆಯುವುದಿಲ್ಲ. ಆ ದಿನ ಬರುವುದು ತಡವಾದರೆ ಮನೆಯವರಿಗೆಲ್ಲ ಆತಂಕ ಉಂಟಾಗುವುದು ಸಹಜ. ಮನೆಯಲ್ಲಿ ಎರಡು ಭಾಷೆಗಳನ್ನಾಡುವ ರೂಢಿಯಿದ್ದರಂತೂ, "ಎರಡೆರಡು ಭಾಷೆ ಕೇಳಿ ಮಗುವಿಗೆ ಗಲಿಬಿಲಿಯಾಗಿದೆ, ಒಂದನ್ನು ಬಿಡಿ, ಮಾತು ತಾನಾಗಿಯೇ ಬರುತ್ತದೆ" ಎಂಬ ಸಲಹೆ ನಾಲ್ಕು ಕಡೆಯಿಂದಲೂ ಬರುತ್ತದೆ. ಈ ಸಲಹೆ ಸರಿಯೇ? ಸರಿಯಲ್ಲದಿದ್ದರೆ ತಂದೆತಾಯಿಯರು ಮಾಡಬೇಕಾದುದೇನು? ಇದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ಮನೆಗಳು

ಎರಡು ಭಾಷೆಯ ಮನೆ ನಮ್ಮಲ್ಲಿ ಅಪರೂಪವೇನಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 66 ಜನರ ಮಾತೃಭಾಷೆ ಕನ್ನಡ. ಉಳಿದವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ ಮೊದಲಾದ ಭಾಷೆಗಳವರು. ಕೋಲಾರ, ಪಾವಗಡ, ಬಳ್ಳಾರಿಯ ಕಡೆ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಬೆಳಗಾವಿ, ಬೀದರ್ ಕಡೆ ಮರಾಠಿ ಮತ್ತು ಕನ್ನಡ. ಮಂಗಳೂರು ಸೀಮೆಯಲ್ಲಿ ತುಳು ಅಥವಾ ಬ್ಯಾರಿ, ಜೊತೆಗೆ ಕನ್ನಡ. ವಿಜಯಪುರ, ಕಲಬುರಗಿಯ ತಾಂಡಾಗಳಲ್ಲಿ ಲಂಬಾಣಿ ಮತ್ತು ಕನ್ನಡ. ಇಂಥ ಮನೆಗಳಲ್ಲಿ ತಲೆತಲಾಂತರದಿಂದ ಮಕ್ಕಳು ಬೆಳೆದಿದ್ದಾರೆ, ಎರಡು ಭಾಷೆಗಳನ್ನೂ ಸರಾಗವಾಗಿ ಆಡುತ್ತಿದ್ದಾರೆ. ಎರಡು ಭಾಷೆಗಳಿಂದ ಮಾತು ಕೆಡುವುದಾಗಿದ್ದರೆ ನಮ್ಮ ಗಡಿನಾಡಿನ ಊರುಗಳಲ್ಲೆಲ್ಲ ಮಾತು ಬಾರದವರೇ ತುಂಬಿರಬೇಕಾಗಿತ್ತು.

ನಾನು ಕಂಡ ಒಂದು ಮಗು

ಆಂಧ್ರದ ಗಡಿಗೆ ಹೊಂದಿಕೊಂಡ ತಾಲ್ಲೂಕೊಂದರಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದಾಗ ನಡೆದ ಸಂಗತಿಯಿದು. ತಾಯಿಯೊಬ್ಬಳು ಇಪ್ಪತ್ತು ತಿಂಗಳ ಹೆಣ್ಣುಮಗುವನ್ನು ಚುಚ್ಚುಮದ್ದಿಗೆ ಕರೆತಂದಿದ್ದಳು. ಆಕೆಯ ತವರು ಗಡಿಯಾಚೆಯ ತೆಲುಗು ಹಳ್ಳಿ. ಗಂಡನ ಮನೆಯ ಭಾಷೆ ಕನ್ನಡ. ಗಂಡ ಆಕೆಗೆ ಸೋದರಮಾವನ ಮಗ. ಮಗು ಇನ್ನೂ ಒಂದು ಮಾತನ್ನೂ ಆಡುವುದಿಲ್ಲವೆಂದು ಆಕೆ ಹೇಳಿದಳು. ಅಂದು ಚುಚ್ಚುಮದ್ದಿನ ದಿನ. ಹೊರಗೆ ಜನ ಕಾಯುತ್ತಿದ್ದರು. "ಮನೆಯಲ್ಲಿ ಎರಡು ಭಾಷೆಯಲ್ಲವೇ, ಸ್ವಲ್ಪ ತಡವಾಗುತ್ತದೆ. ಮೂರು ವರ್ಷದವರೆಗೆ ನೋಡೋಣ" ಎಂದು ಹೇಳಿ ಕಳುಹಿಸಿದೆ. ಮಗುವಿನ ಕಿವಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ವೈದ್ಯರೇ ಹೀಗೆ ಹೇಳಿದ ಮೇಲೆ ಅತ್ತೆಯವರು ಸೊಸೆಗೆ ತೆಲುಗು ಆಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಆಕೆಗೆ ಬರುತ್ತಿದ್ದ ಕನ್ನಡವಾದರೋ ಅಂಗಡಿ, ಬಾವಿಕಟ್ಟೆಗಳಿಗೆ ಸಾಲುವಷ್ಟು. ಮಗುವನ್ನು ಮುದ್ದಿಸಲು, ಊಟ ಮಾಡಿಸುತ್ತ ಕಥೆ ಹೇಳಲು, ತೊಟ್ಟಿಲು ತೂಗಿ ಹಾಡಲು ಅದು ಸಾಲದು. ಹೀಗಾಗಿ ಆಕೆ ಮಗುವಿಗೆ ಸ್ನಾನ, ಊಟ, ನಿದ್ರೆಗಳನ್ನೆಲ್ಲ ಬಾಯಿ ಬಿಡದೆ ಮಾಡಿಸತೊಡಗಿದಳು. ಮಗು ಮೂರು ವರ್ಷ ಎರಡು ತಿಂಗಳಾದಾಗ ಮತ್ತೆ ಬಂದರು. ಆಗಲೂ ಒಂದೂ ಮಾತಿಲ್ಲ. ಮಗುವಿಗೆ ಕಾಣದಂತೆ ಹಿಂದೆ ನಿಂತು ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿರುವುದು ತಿಳಿಯಿತು.

"ನನ್ನ ತೆಲುಗಿಂದ ಮಗೀಗೆ ಹಿಂಗಾಯ್ತಾ ಸಾರ್?" ಎಂದು ಆ ತಾಯಿ ಕೇಳಿದಳು. ಅಲ್ಲ. ಮಗುವಿಗೆ ಕನ್ನಡವೂ ಕೇಳಿಸಿರಲಿಲ್ಲ, ತೆಲುಗೂ ಕೇಳಿಸಿರಲಿಲ್ಲ. ತಪ್ಪು ತಾಯಿಯದಲ್ಲ, ಅವಳ ಭಾಷೆಯದೂ ಅಲ್ಲ. ವಿಚಾರಿಸದೆ ಸಲಹೆ ಕೊಟ್ಟ ನನ್ನದು. ಚಿಕಿತ್ಸೆಯ ಒಂದೂವರೆ ವರ್ಷ ಆ ಮಗುವಿಗೆ ಹೀಗೆ ನಷ್ಟವಾಯಿತು. ನಿಮ್ಮ ಮಗುವಿಗೆ ಹಾಗಾಗಬಾರದೆಂದೇ ಇದನ್ನು ಮುಚ್ಚಿಡದೆ ಬರೆದಿದ್ದೇನೆ.

ಮಗು ಎರಡು ಭಾಷೆಗಳನ್ನು ಕಲಿಯುವ ಬಗೆ

ಮಗು ತಾಯಿಯ ಗರ್ಭದಲ್ಲಿರುವಾಗಲೇ, ಕೊನೆಯ ಮೂರು ತಿಂಗಳುಗಳಲ್ಲಿ, ತಾಯಿಯ ದನಿಯನ್ನು ಕೇಳಿಸಿಕೊಳ್ಳುತ್ತದೆ. ಹುಟ್ಟಿದ ಮೇಲೆ ಮಾತಿನ ಏರಿಳಿತವನ್ನು ಗಮನಿಸುತ್ತ, ಯಾರು ಯಾವ ರೀತಿ ಮಾತನಾಡುತ್ತಾರೆಂಬುದನ್ನು ಕ್ರಮೇಣ ಗುರುತಿಸುತ್ತದೆ. ಎರಡು ಭಾಷೆಗಳನ್ನು ಕೇಳುವ ಮಗು ಎರಡನ್ನೂ ಬೇರೆ ಬೇರೆಯಾಗಿ ಕಟ್ಟಿಕೊಳ್ಳುತ್ತ ಹೋಗುತ್ತದೆ. ಅಜ್ಜಿಯೊಡನೆ ತೆಲುಗು, ಪಕ್ಕದ ಮನೆಯವರೊಡನೆ ಕನ್ನಡ ಎಂಬ ವಿವೇಕ ಎರಡು ಮೂರು ವರ್ಷದ ಮಕ್ಕಳಲ್ಲಿಯೇ ಕಂಡುಬರುತ್ತದೆ.

"ಅಮ್ಮಾ, ಪಾಲು ಬೇಕು" ಎಂದು ತೆಲುಗಿನ ಹಾಲಿಗೆ ಕನ್ನಡದ ಬೇಕನ್ನು ಸೇರಿಸಿ ಮಗು ಕೇಳುವುದುಂಟು. ಇದು ಗಲಿಬಿಲಿಯ ಗುರುತಲ್ಲ. ಒಂದು ಭಾಷೆಯಲ್ಲಿ ಸಿಗದ ಪದವನ್ನು ಇನ್ನೊಂದರಿಂದ ತಂದುಕೊಳ್ಳುವ ಜಾಣತನವಿದು. ದೊಡ್ಡವರಾದ ನಾವೂ ಸಂತೆಯಲ್ಲಿ, ಬಸ್ಸಿನಲ್ಲಿ ಹೀಗೆಯೇ ಮಾತನಾಡುತ್ತೇವೆ. ಇದಕ್ಕಾಗಿ ಮಗುವನ್ನು ಗದರಿಸಬಾರದು, ನಗೆಯಾಡಲೂಬಾರದು. ಬೆಳೆದಂತೆ ಮಗು ತಾನೇ ಬೇರ್ಪಡಿಸಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅನೇಕ ವಿದ್ವಾಂಸರೂ ಎರಡು ಭಾಷೆಗಳು ಮಗುವಿನ ಬುದ್ಧಿಗೆ ಹೊರೆಯೆಂದೇ ನಂಬಿದ್ದರು. 1962ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಎಂಬ ಸಂಶೋಧಕರು ಹತ್ತು ವರ್ಷದ ಶಾಲಾಮಕ್ಕಳನ್ನು ಪರೀಕ್ಷಿಸಿದರು. ಮನೆಯ ಸ್ಥಿತಿಗತಿಗಳು ಸಮಾನವಾಗಿದ್ದಾಗ ಎರಡು ಭಾಷೆಯ ಮಕ್ಕಳು ಯಾವುದರಲ್ಲಿಯೂ ಹಿಂದುಳಿದಿರಲಿಲ್ಲ. ಆ ಬಳಿಕ ನಡೆದ ಅಧ್ಯಯನಗಳೂ ಎರಡು ಭಾಷೆಗಳು ಮಾತು ತಡವಾಗಲು ಕಾರಣವಲ್ಲವೆಂಬುದನ್ನೇ ತೋರಿಸಿವೆ. ಮಾತಿನಲ್ಲಿ ನಿಜವಾಗಿ ಹಿಂದುಳಿದ ಮಕ್ಕಳ ವಿಷಯದಲ್ಲಿಯೂ ಒಂದು ಭಾಷೆಯನ್ನು ಕಿತ್ತುಹಾಕುವುದರಿಂದ ದೋಷ ವಾಸಿಯಾಗುವುದಿಲ್ಲ.

ಪದಗಳನ್ನು ಎಣಿಸುವ ಕ್ರಮ

ಎರಡು ವರ್ಷದ ಮಗು ಕನ್ನಡದ 25 ಪದಗಳನ್ನೂ ತೆಲುಗಿನ 30 ಪದಗಳನ್ನೂ ಆಡುತ್ತದೆಯೆಂದು ಇಟ್ಟುಕೊಳ್ಳೋಣ. ಕನ್ನಡದವರು "ಇಪ್ಪತ್ತೈದೇ ಪದ" ಎಂದು ಕೊರಗುತ್ತಾರೆ, ತೆಲುಗಿನವರು "ಮೂವತ್ತೇ ಪದ" ಎನ್ನುತ್ತಾರೆ. ಎರಡೂ ತಪ್ಪು ಲೆಕ್ಕ. ಒಬ್ಬ ರೈತನಿಗೆ ಎರಡು ಕಡೆ ಹೊಲವಿದ್ದರೆ ಎರಡರ ಬೆಳೆಯನ್ನೂ ಕೂಡಿಸಿಯೇ ರಾಶಿಯನ್ನು ಅಳೆಯುತ್ತೇವೆ. ಅದೇ ರೀತಿ ಮಗು ಎರಡು ಭಾಷೆಗಳಲ್ಲಿ ಆಡುವ ಪದಗಳನ್ನು ಕೂಡಿಸಬೇಕು. ಈ ಮಗುವಿನ ಪದಗಳು 55. ವಯಸ್ಸಿಗೆ ತಕ್ಕಷ್ಟು ಇವೆ. ಅಮೆರಿಕದ ಮಯಾಮಿ ನಗರದಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಕೇಳಿ ಬೆಳೆಯುವ ಮಕ್ಕಳ ಪದಗಳನ್ನು ಹೀಗೆ ಕೂಡಿಸಿ ನೋಡಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಒಂದೇ ಭಾಷೆಯ ಮಕ್ಕಳಿಗಿಂತ ಅವರು ಕಡಿಮೆಯಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಮನೆಯಲ್ಲಿ ಲಂಬಾಣಿಯನ್ನಷ್ಟೇ ಕೇಳಿ ಬೆಳೆದ ಮಗು ಮೂರನೆಯ ವರ್ಷದಲ್ಲಿ ಅಂಗನವಾಡಿಗೆ ಬಂದಾಗ ಕೆಲವು ವಾರ, ಕೆಲವು ತಿಂಗಳು ಮೌನವಾಗಿ ಕುಳಿತಿರಬಹುದು. ಹೊಸ ಭಾಷೆಯನ್ನು ಅದು ಕೇಳಿ ಕೂಡಿಟ್ಟುಕೊಳ್ಳುತ್ತಿರುತ್ತದೆ. ಮನೆಯಲ್ಲಿ "ಯಾಡಿ" ಎಂದು ತಾಯಿಯನ್ನು ಕರೆದು ಚೆನ್ನಾಗಿ ಮಾತನಾಡುವ ಮಗುವಾದರೆ ಚಿಂತೆಗೆ ಕಾರಣವಿಲ್ಲ. ಮಾತಿನ ನಿಜವಾದ ತೊಂದರೆ ಇರುವ ಮಗು ಎರಡೂ ಭಾಷೆಗಳಲ್ಲಿ ಹಿಂದುಳಿದಿರುತ್ತದೆ. ಈ ಒಂದು ಸೂತ್ರವನ್ನು ಪೋಷಕರೂ ಅಂಗನವಾಡಿ ಕಾರ್ಯಕರ್ತೆಯರೂ ನೆನಪಿನಲ್ಲಿಡಬೇಕು.

ಯಾವ ವಯಸ್ಸಿಗೆ ಯಾವ ಮಾತು

ಮಕ್ಕಳೆಲ್ಲರೂ ಒಂದೇ ದಿನ ಮಾತು ಕಲಿಯುವುದಿಲ್ಲ. ಆದರೂ ಬೆಳವಣಿಗೆಗೆ ಒಂದು ಕ್ರಮವುಂಟು. ಮಗುವಿಗೆ ಒಂದು ಭಾಷೆಯಿರಲಿ, ಎರಡಿರಲಿ, ಕ್ರಮ ಒಂದೇ.

4 ತಿಂಗಳೊಳಗೆ: ಜೋರಾದ ಸದ್ದಿಗೆ ಬೆಚ್ಚುತ್ತದೆ, ತಾಯಿಯ ದನಿಗೆ ಅಳು ನಿಲ್ಲಿಸುತ್ತದೆ, ಆ, ಊ ಎಂದು ಸ್ವರ ಹೊರಡಿಸುತ್ತದೆ.

6ರಿಂದ 10 ತಿಂಗಳು: ಬಬಬ, ಮಮಮ, ದದದ ಎಂದು ತೊದಲುತ್ತದೆ, ಸದ್ದು ಬಂದ ಕಡೆಗೆ ತಿರುಗುತ್ತದೆ, ಹೆಸರು ಹಿಡಿದು ಕರೆದರೆ ನೋಡುತ್ತದೆ.

12ರಿಂದ 15 ತಿಂಗಳು: "ಬಾ", "ಕೊಡು" ಎಂಬ ಮಾತು ತಿಳಿಯುತ್ತದೆ, ಬೇಕಾದುದನ್ನು ಬೆರಳಿನಿಂದ ತೋರಿಸುತ್ತದೆ, ಅರ್ಥವಿರುವ ಒಂದೆರಡು ಪದಗಳನ್ನಾಡುತ್ತದೆ.

18 ತಿಂಗಳು: ಅಪ್ಪ, ಅಮ್ಮ ಅಲ್ಲದೆ ಬೇರೆ ಕೆಲವು ಪದಗಳೂ ಬರುತ್ತವೆ, ಹೇಳಿದ ಸಣ್ಣ ಕೆಲಸವನ್ನು ಮಾಡುತ್ತದೆ.

2 ವರ್ಷ: ಸುಮಾರು 50 ಪದಗಳಿರುತ್ತವೆ, "ಅಪ್ಪ ಬಂತು", "ನೀರು ಬೇಡ" ಎಂದು ಎರಡು ಪದಗಳನ್ನು ಜೋಡಿಸುತ್ತದೆ.

3 ವರ್ಷ: ಸಣ್ಣ ವಾಕ್ಯಗಳನ್ನಾಡುತ್ತದೆ, ಅದರ ಮಾತಿನ ಬಹುಭಾಗ ಹೊರಗಿನವರಿಗೂ ಅರ್ಥವಾಗುತ್ತದೆ.

ಮಗು ಸದ್ದಿಗೆ ಸ್ಪಂದಿಸದಿದ್ದರೆ, ಒಂದು ವರ್ಷವಾದರೂ ತೊದಲದಿದ್ದರೆ, 18 ತಿಂಗಳಾದರೂ ಎರಡು ಭಾಷೆಗಳಲ್ಲಿ ಸೇರಿಯೂ ಒಂದು ಪದವನ್ನಾಡದಿದ್ದರೆ, 2 ವರ್ಷಕ್ಕೂ ಎರಡು ಪದಗಳನ್ನು ಜೋಡಿಸದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಬಂದಿದ್ದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲಿಯೇ ಆಗಲಿ ತಡಮಾಡಕೂಡದು. "ಗಂಡುಮಕ್ಕಳು ತಡವಾಗಿಯೇ ಮಾತನಾಡುವುದು", "ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು" ಎಂಬ ಮಾತುಗಳನ್ನು ನಂಬಿ ಕುಳಿತರೆ ಚಿಕಿತ್ಸೆಯ ಕಾಲ ಮೀರುತ್ತದೆ.

ಮೊದಲು ಕಿವಿಯ ಪರೀಕ್ಷೆ

ಮಗು ಕೇಳಿದ್ದನ್ನೇ ಆಡುತ್ತದೆ. ಕಿವಿ ಕೇಳಿಸದಿದ್ದರೆ ಮಾತು ಬರುವುದೆಲ್ಲಿಂದ? ಆದುದರಿಂದ ಮಾತು ತಡವಾದ ಪ್ರತಿಯೊಂದು ಮಗುವಿಗೂ ಮೊದಲು ಕಿವಿಯ ಪರೀಕ್ಷೆ ಆಗತಕ್ಕದ್ದು. "ತಟ್ಟೆ ಬಿದ್ದರೆ ತಿರುಗಿ ನೋಡುತ್ತದೆ, ಕಿವಿ ಚೆನ್ನಾಗಿದೆ" ಎಂದು ಅನೇಕರು ಹೇಳುವುದುಂಟು. ಇದು ಸಾಲದು. ಕಿವಿ ಅರ್ಧ ಕೇಳಿಸುವ ಮಗುವಿಗೆ ತಟ್ಟೆಯ ಸದ್ದು ಕೇಳಿಸೀತು, ತಾಯಿಯ ಮೆಲುಮಾತು ಕೇಳಿಸದು. ಚಪ್ಪಾಳೆ ತಟ್ಟಿದರೆ ಗಾಳಿಯ ಅಲುಗಾಟಕ್ಕೋ ನೆರಳಿಗೋ ತಿರುಗೀತು.

ಆಸ್ಪತ್ರೆಯಲ್ಲಿ ಈಗ ಎಳೆಯ ಕೂಸಿನ ಕಿವಿಯನ್ನೂ ಪರೀಕ್ಷಿಸಬಹುದು. ಒಂದು ಪರೀಕ್ಷೆಯಲ್ಲಿ ಕಿವಿಗೆ ಮೆತ್ತನೆಯ ಸಣ್ಣ ಬಿರಟೆಯನ್ನಿಟ್ಟು ಸದ್ದು ಕಳುಹಿಸಿ, ಒಳಗಿವಿ ಹಿಂದಿರುಗಿಸುವ ಅತಿ ಸಣ್ಣ ದನಿಯನ್ನು ಯಂತ್ರದಿಂದ ಅಳೆಯುತ್ತಾರೆ. ಇನ್ನೊಂದರಲ್ಲಿ ಮಗು ನಿದ್ರಿಸುತ್ತಿರುವಾಗ ತಲೆಗೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಸದ್ದು ಮೆದುಳಿಗೆ ತಲಪುವುದೇ ಎಂದು ನೋಡುತ್ತಾರೆ. ಇದಕ್ಕೆ ಬೆರಾ ಪರೀಕ್ಷೆಯೆಂದು ಹೆಸರು. ಎರಡರಲ್ಲಿಯೂ ನೋವಿಲ್ಲ, ಸೂಜಿಯಿಲ್ಲ. ಸಾಧ್ಯವಾದರೆ ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಆಗಬೇಕೆಂಬುದು ವೈದ್ಯರು ಒಪ್ಪಿದ ಕ್ರಮ.

ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ವಂಶಪಾರಂಪರ್ಯದ ಕಿವುಡುತನದ ಸಂಭವ ಹೆಚ್ಚು. ಹುಟ್ಟಿದಾಗ ತಡವಾಗಿ ಅತ್ತ ಮಗು, ತೂಕ ತೀರ ಕಡಿಮೆಯಿದ್ದ ಮಗು, ತೀವ್ರ ಕಾಮಾಲೆ ಅಥವಾ ಮೆದುಳಿನ ಜ್ವರ ಬಂದಿದ್ದ ಮಗು, ಇವರ ಕಿವಿಯನ್ನು ತಪ್ಪದೆ ಪರೀಕ್ಷಿಸಬೇಕು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ಸೋಂಕು ತಗುಲಿದರೆ ಮಗು ಕಿವುಡಾಗಿ ಹುಟ್ಟಬಹುದು. ಇದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆ 2017ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಹಾಕಿಸಬೇಕು. ಕಿವಿ ಸೋರುತ್ತಿದ್ದರೆ ಚಿಕಿತ್ಸೆ ಮಾಡಿಸಬೇಕು. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಕಡ್ಡಿ, ಪಿನ್ನು ಹಾಕುವುದು ಅಪಾಯಕರ.

ಬೇರೆ ಕಾರಣಗಳು

ಕಿವಿ ಸರಿಯಾಗಿದ್ದರೂ ಮಾತು ತಡವಾಗಬಹುದು. ಬುದ್ಧಿಯ ಬೆಳವಣಿಗೆ ನಿಧಾನವಾಗಿರಬಹುದು. ಆಟಿಸಂ ಎಂಬ ಸ್ಥಿತಿಯಿರುವ ಮಗು ಕರೆದರೆ ನೋಡದೆ, ಕಣ್ಣಿಗೆ ಕಣ್ಣು ಕೂಡಿಸದೆ, ಬೆರಳು ತೋರಿಸಿ ಕೇಳದೆ ತನ್ನಷ್ಟಕ್ಕೆ ಇರಬಹುದು. ಮಾತಿನಲ್ಲಿ ಮಾತ್ರ ಹಿಂದುಳಿದ ಮಕ್ಕಳೂ ಉಂಟು. ಯಾವುದೆಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದ ಮಾತು ಬರುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆಗೆ ಸೇರಿದ್ದು. ಅದಕ್ಕಾಗಿ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ.

ಎಲ್ಲಿಗೆ ಹೋಗಬೇಕು

ಮೊದಲು ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿರಿ. ತಾಯಿ ಕಾರ್ಡನ್ನು ಜೊತೆಗೆ ತೆಗೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಇದರ ವೈದ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕೆಂಬುದು ನಿಯಮ. ತಂಡ ಬರುವ ದಿನವನ್ನು ಕೇಳಿ ತಿಳಿದುಕೊಂಡು ಅಂದು ಮಗುವನ್ನು ತಪ್ಪದೆ ಕರೆದೊಯ್ಯಿರಿ. ದೋಷ ಕಂಡುಬಂದ ಮಗುವನ್ನು ಮುಂದಿನ ಪರೀಕ್ಷೆ, ಚಿಕಿತ್ಸೆಗಳಿಗಾಗಿ ಜಿಲ್ಲಾ ಮಟ್ಟಕ್ಕೆ ಕಳುಹಿಸುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕಿವಿಯ ಸಕಲ ಪರೀಕ್ಷೆಗಳೂ ತರಬೇತಿಯೂ ದೊರೆಯುತ್ತವೆ.

ಶ್ರವಣಯಂತ್ರ ಮತ್ತು ಒಳಗಿವಿಗೆ ಯಂತ್ರ ಜೋಡಿಸುವ ಶಸ್ತ್ರಚಿಕಿತ್ಸೆಗೆ ಅರ್ಹ ಕುಟುಂಬಗಳಿಗೆ ಸರ್ಕಾರದ ನೆರವುಂಟು. ಶಸ್ತ್ರಚಿಕಿತ್ಸೆಯ ನೆರವಿಗೆ ಮಗುವಿನ ವಯಸ್ಸಿನ ಮಿತಿಯಿರುವುದರಿಂದ ತಡಮಾಡುವಂತಿಲ್ಲ. ವೈದ್ಯರು "ಕಾದು ನೋಡೋಣ" ಎಂದರೆ, "ಕಿವಿಯ ಪರೀಕ್ಷೆಗೆ ಚೀಟಿ ಬರೆದುಕೊಡಿ" ಎಂದು ನೀವೇ ಕೇಳಿರಿ. ಹಾಗೆ ಕೇಳುವುದು ಅವಿಧೇಯತೆಯಲ್ಲ. ಅದು ನಿಮ್ಮ ಹಕ್ಕು.

ಮನೆಯಲ್ಲಿ ಮಾಡಬೇಕಾದುದು

1. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೇ ಮಗುವಿನೊಡನೆ ಮಾತನಾಡಿರಿ. ತಾಯಿ ತನ್ನ ಭಾಷೆ, ತಂದೆ ತನ್ನ ಭಾಷೆ ಆಡಬಹುದು. ಇಬ್ಬರೂ ಎರಡನ್ನೂ ಆಡಬಹುದು. ಬರದ ಭಾಷೆಯ ಅರೆಬರೆ ಮಾತಿಗಿಂತ ಬರುವ ಭಾಷೆಯ ತುಂಬು ಮಾತು ಮೇಲು.

2. ಮಾತಿಗೆ ಬೇರೆ ಸಮಯ ಬೇಕಾಗಿಲ್ಲ. ಸ್ನಾನ ಮಾಡಿಸುವಾಗ, ರೊಟ್ಟಿ ತಟ್ಟುವಾಗ, ದನಕ್ಕೆ ಮೇವು ಹಾಕುವಾಗ ಮಾಡುತ್ತಿರುವುದನ್ನೇ ಹೇಳುತ್ತಿರಿ. ಮಗು "ಬೌ ಬೌ" ಎಂದರೆ "ಹೌದು, ನಾಯಿ ಬಂತು, ಕರಿ ನಾಯಿ" ಎಂದು ಬೆಳೆಸಿ ಹೇಳಿರಿ.

3. ಪ್ರಶ್ನೆ ಕೇಳಿದ ಮೇಲೆ ಮಗುವಿನ ಉತ್ತರಕ್ಕೆ ಸ್ವಲ್ಪ ಕಾಯಿರಿ. ತೊದಲಿದರೆ ಅಣಕಿಸಬೇಡಿ, ಸರಿಯಾದ ಮಾತನ್ನು ನೀವು ಒಮ್ಮೆ ಆಡಿ ತೋರಿಸಿದರೆ ಸಾಕು.

4. ಅಜ್ಜ ಅಜ್ಜಿಯರ ಕಥೆ, ಹಾಡು, ಒಗಟುಗಳನ್ನು ಅವರ ಭಾಷೆಯಲ್ಲಿಯೇ ಮಗು ಕೇಳಲಿ.

5. ಮಗುವನ್ನು ಸುಮ್ಮನಿರಿಸಲು ಮೊಬೈಲು ಕೊಡಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೊಬೈಲು ಮಾತನಾಡುತ್ತದೆ, ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ.

6. ಇದು ತಾಯಿಯೊಬ್ಬಳ ಕೆಲಸವಲ್ಲ. ಹೊಲದಿಂದ ಬಂದ ತಂದೆ ದಿನಕ್ಕೆ ಅರ್ಧ ಗಂಟೆಯಾದರೂ ಮಗುವಿನೊಡನೆ ಕುಳಿತು ಮಾತನಾಡಬೇಕು. ಒಂದು ಹೆರಿಗೆಗೂ ಇನ್ನೊಂದಕ್ಕೂ ಕನಿಷ್ಠ ಮೂರು ವರ್ಷ ಅಂತರವಿದ್ದರೆ ತಾಯಿಗೆ ಆರೋಗ್ಯವೂ, ಮಗುವಿನ ಮಾತಿಗೆ ಕಿವಿಗೊಡುವ ಬಿಡುವೂ ದೊರೆಯುತ್ತವೆ.

ಕೊನೆಯ ಮಾತು

ಮೇಲೆ ಹೇಳಿದ ಹೆಣ್ಣುಮಗುವಿಗೆ ಎರಡೂ ಕಿವಿಗಳಿಗೆ ಶ್ರವಣಯಂತ್ರ ಹಾಕಿಸಲಾಯಿತು. ತರಬೇತಿ ಕೊಟ್ಟವರು, ಮನೆಯಲ್ಲಿ ಮಗುವಿನೊಡನೆ ತೆಲುಗಿನಲ್ಲಿಯೇ ಮಾತನಾಡುವಂತೆ ತಾಯಿಗೆ ತಿಳಿಸಿದರು. ಅತ್ತೆಯವರೂ ಒಪ್ಪಿದರು. ನಾಲ್ಕನೆಯ ವರ್ಷದಲ್ಲಿ ಮಗು "ಅಮ್ಮಾ" ಎಂದಿತು. ಆ ಪದ ಎರಡು ಭಾಷೆಗಳಲ್ಲಿಯೂ ಒಂದೇ. ಈಗ ಅದು ಶಾಲೆಗೆ ಹೋಗುತ್ತಿದೆ. ಮಾತು ಪೂರ್ತಿ ಸ್ಪಷ್ಟವಾಗಿಲ್ಲ, ತರಬೇತಿ ಮುಂದುವರಿದಿದೆ. ಒಂದೂವರೆ ವರ್ಷ ಮೊದಲೇ ಆರಂಭವಾಗಿದ್ದರೆ ಇನ್ನಷ್ಟು ಚೆನ್ನಾಗಿರುತ್ತಿತ್ತು.

ಆದುದರಿಂದ ದಂಪತಿಗಳೇ, ಮಗುವಿನ ಮಾತು ತಡವಾದರೆ ಮನೆಯ ಭಾಷೆಯನ್ನು ಬಿಡಬೇಡಿ. ಮಗುವಿನ ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಈ ವಿಷಯವನ್ನು ನೆರೆಹೊರೆಯವರಿಗೂ ತಿಳಿಸಿರಿ.